ಅಂಧರನ್ನು ಊರೊಳಗೆ ತಂದ ಗದುಗಿನ ಆಶ್ರಮ

ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಂದೊಡನೆ ನೆನಪಾಗುವುದು ಸಂಗೀತ. ಅಂಗವೈಕಲ್ಯವುಳ್ಳವರು ಊರ ಬದುಕಿನಿಂದ ಹೊರಗುಳಿಯಬಾರದೆಂಬ ಪ್ರಯತ್ನದಲ್ಲಿಯೂ ಅದರ ಪಾತ್ರ ದೊಡ್ಡದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯ ಅಂಧ ಮಗುವಿಗೆ ಇದ್ದ ದಾರಿಗಳು ಕೆಲವೇ: ಮನೆಯ ಮೂಲೆ, ಇಲ್ಲವೇ ದೇವಸ್ಥಾನದ ಮುಂದಿನ ಭಿಕ್ಷೆ. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತಾದರೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅದು ದೂರದ ಮಾತಾಗಿತ್ತು.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಹಾಗೂ ಅವರ ಸೋದರ ಗುರುಬಸಯ್ಯ ಇಬ್ಬರೂ ಅಂಧರು. ಈ ಬಾಲಕರ ಕಂಠವನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ಗದಿಗೆಯ್ಯನವರೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತ ಅವರು ತಮ್ಮಂತಹ ಮಕ್ಕಳಿಗೆ ಪಾಠ ಹೇಳತೊಡಗಿದರು.

ಅವರ ಶಾಲೆ ಮೊದಲು ಊರಿಂದೂರಿಗೆ ಸಂಚರಿಸುತ್ತಿತ್ತು. ಮಕ್ಕಳ ಊಟ, ವಸತಿಯ ಭಾರವನ್ನು ಆಯಾ ಊರಿನ ಭಕ್ತರೇ ವಹಿಸುತ್ತಿದ್ದರು. ನಂತರ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಸ್ಥಿರವಾದ ನೆಲೆ ದೊರೆಯಿತು. ಆಶ್ರಮದ ನಾಟಕ ಸಂಘವೂ ಊರೂರು ತಿರುಗಿತು. ಹೀಗೆ ಜನ ಅಂಧರನ್ನು ಭಿಕ್ಷಾಪಾತ್ರೆಯೊಂದಿಗಲ್ಲದೆ ಹಾಡುಗಾರರಾಗಿ, ವಾದ್ಯಗಾರರಾಗಿ, ಗುರುಗಳಾಗಿ ಕಾಣುವಂತಾಯಿತು.

ಇಲ್ಲಿ ಇನ್ನೊಂದು ಮಹತ್ವದ ಸಂಗತಿಯಿದೆ. ಆಶ್ರಮ ಅಂಧರಿಗಷ್ಟೇ ಮೀಸಲಾಗಲಿಲ್ಲ. ಕಣ್ಣುಳ್ಳ ಬಡ ಮಕ್ಕಳೂ ಅದೇ ಪಂಕ್ತಿಯಲ್ಲಿ ಉಂಡು, ಅದೇ ಗುರುವಿನ ಮುಂದೆ ಕುಳಿತು ಕಲಿತರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶ ಕುಮಾರ್ ಅವರು ಪುಟ್ಟರಾಜ ಗವಾಯಿಗಳ ಬಳಿ ಕಲಿತವರು. ಕಣ್ಣುಳ್ಳವನಿಗೆ ಅಂಧನೇ ಗುರುವಾದಾಗ ಕನಿಕರಕ್ಕೆ ಎಡೆಯೆಲ್ಲಿ?

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಭಕ್ತರು ನಾಣ್ಯಗಳಿಂದ ನಡೆಸುತ್ತಿದ್ದ ಅವರ ತುಲಾಭಾರದ ಹಣ ಆಶ್ರಮದ ಮಕ್ಕಳ ಅನ್ನವಾಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಅಗಲಿದರು.

ಈ ದಾರಿಗೂ ಮಿತಿಯಿತ್ತು. ಸಂಗೀತ ಒಲಿಯದವರೂ ಬದುಕಬೇಕಲ್ಲವೇ? ಅದು ದಾನಿಗಳ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು. 1995ರ ಕಾಯ್ದೆ ಹಾಗೂ ಅದರ ಬದಲಿಗೆ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು ಹಕ್ಕಿನ ಪ್ರಶ್ನೆಯಾಗಿಸಿದವು. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇಕಡಾ 3ರಿಂದ 4ಕ್ಕೆ ಏರಿತು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿ ರೂಪಿಸಬೇಕಾಯಿತು. ಕೋಲಾರದ ನರಸಾಪುರದಂತಹ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆ.

ಕಾನೂನು ಕೆಲಸ ಕೊಡಿಸಬಲ್ಲದು. ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಳ್ಳುವ ಗೆಳೆಯನನ್ನು ಮಾತ್ರ ಅದು ಕೊಡಿಸಲಾರದು. ಆ ಗೆಳೆತನ ಒಟ್ಟಿಗೆ ಕಲಿತು ದುಡಿಯುವಲ್ಲಿ ಬೆಳೆಯುತ್ತದೆಂಬುದನ್ನು ಗದುಗಿನ ಪಂಕ್ತಿ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ.