ಮಣ್ಣೆತ್ತು: ವಿಜಯಪುರ ಸೀಮೆಯ ಮುದ್ರೆಯಿಲ್ಲದ ಆಟಿಕೆ

ಜ್ಯೇಷ್ಠ ಮಾಸದ ಕೊನೆಯ ದಿನ ಬರುವ ಮಣ್ಣೆತ್ತಿನ ಅಮಾವಾಸ್ಯೆಯು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಪ್ರಮುಖ ಹಬ್ಬಗಳಲ್ಲಿ ಒಂದಾಗಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಅಂದು ಹಸಿಮಣ್ಣಿನ ಜೋಡೆತ್ತುಗಳನ್ನು ಜಗುಲಿಯ ಮೇಲಿಟ್ಟು ಪೂಜಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಪೂಜೆ ಮುಗಿದ ಬಳಿಕ ಅವೇ ಎತ್ತುಗಳು ಮಕ್ಕಳ ಆಟಿಕೆಗಳಾಗುತ್ತವೆ. ಹಳೆಯ ಆಟಿಕೆಗಳ ಸಂಗ್ರಹ ಜಗತ್ತಿನ ಹಲವೆಡೆ ಗಂಭೀರ ಹವ್ಯಾಸವಾಗಿ ಬೆಳೆದಿದ್ದರೂ, ವರ್ಷಕ್ಕೊಮ್ಮೆ ಹುಟ್ಟಿ ವರ್ಷದೊಳಗೇ ಕರಗುವ ಈ ಆಟಿಕೆ ಸಂಗ್ರಾಹಕರ ಗಮನಕ್ಕೆ ಬಂದದ್ದು ಕಡಿಮೆ.

ಎರೆ ನೆಲದ ಹಬ್ಬ

ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ನದಿ ಹರಿಯುವ ಈ ಸೀಮೆಯಲ್ಲಿ ಎರೆಭೂಮಿಯೇ ಹೆಚ್ಚು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ನಂತರ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಉಳಿದ ಐದು ತಾಲ್ಲೂಕುಗಳ ಪೈಕಿ ಈ ನಾಲ್ಕೂ ಸೇರಿದ್ದವು. ಬಿಳಿಜೋಳ ಬೆಳೆಯುವ ಇಲ್ಲಿನ ಒಕ್ಕಲುತನ ಬಹುಕಾಲ ಎತ್ತಿನ ಹೆಗಲ ಮೇಲೆಯೇ ನಿಂತಿತ್ತು. ಎತ್ತನ್ನು ‘ಬಸವಣ್ಣ’ ಎಂದೇ ಕರೆಯುವ ರೂಢಿಯಿದೆ. 12ನೇ ಶತಮಾನದ ಬಸವೇಶ್ವರರ ಜನ್ಮಸ್ಥಳವಾದ ಬಸವನ ಬಾಗೇವಾಡಿಯ ಆರಾಧ್ಯದೈವವೂ ಮೂಲನಂದೀಶ್ವರನೇ.

ಕಾರಹುಣ್ಣಿಮೆಯಂದು ಜೀವಂತ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯಲಾಗುತ್ತದೆ. ಅದಾದ ಹದಿನೈದು ದಿನಗಳಿಗೆ ಮಣ್ಣಿನ ಎತ್ತುಗಳ ಸರದಿ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಪೂಜಿಸುವ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ ಹಾಗೂ ಜೋಕುಮಾರ ಹೀಗೆ ಮಳೆಗಾಲದುದ್ದಕ್ಕೂ ಮಣ್ಣಿನ ಮೂರ್ತಿಗಳು ಬರುತ್ತವೆ. ಈ ಸಾಲಿಗೆ ಮಣ್ಣೆತ್ತೇ ಮೊದಲು.

ತಯಾರಿಕೆಯ ಬಗೆ

ಕಲ್ಲು, ಕಸ ತೆಗೆದು ಹದವಾಗಿ ನಾದಿದ ಮಣ್ಣನ್ನು ಉದ್ದನೆಯ ಮುದ್ದೆಯಾಗಿ ಹೊಸೆದು, ಅದರಿಂದಲೇ ನಾಲ್ಕು ಕಾಲು, ಕೊರಳು, ಇಣಿಗಳನ್ನು ಎಳೆದು ತಿದ್ದಲಾಗುತ್ತದೆ. ಕೋಡುಗಳಿಗೆ ಈ ಭಾಗದ ಹೆಸರಾಂತ ಖಿಲಾರಿ ತಳಿಯೇ ಮಾದರಿ. ಹಿಂದಕ್ಕೆ ಬಾಗಿ ಮೇಲಕ್ಕೇರುವ ನೀಳ ಕೋಡುಗಳಿಂದ ಅದನ್ನು ಗುರುತಿಸಬಹುದು. ಎತ್ತುಗಳ ಮುಂದೆ ಇಡಲು ಮಣ್ಣಿನದೇ ಗ್ವಾದಲಿಯನ್ನೂ ಮಾಡುತ್ತಾರೆ. ನೆರಳಿನಲ್ಲಿ ಒಣಗಿದ ಮೇಲೆ ಸುಣ್ಣ, ಬಣ್ಣ ಬಳಿಯುವುದುಂಟು. ಆವಿಗೆಯಲ್ಲಿ ಸುಡುವ ಕ್ರಮವಿಲ್ಲ.

ಕೆಲವು ಮನೆಗಳಲ್ಲಿ ಹಿರಿಯರೂ ಮಕ್ಕಳೂ ಕೂಡಿ ಎತ್ತು ಮಾಡಿದರೆ, ಉಳಿದವರಿಗೆ ಕುಂಬಾರರೇ ಆಧಾರ. ಹಿಂದೆ ಆಯದ ಪದ್ಧತಿಯಂತೆ ಕುಂಬಾರರು ರೈತರ ಮನೆಗಳಿಗೆ ಎತ್ತುಗಳನ್ನು ಮುಟ್ಟಿಸಿ, ಪ್ರತಿಯಾಗಿ ಕಾಳುಕಡಿ ಪಡೆಯುತ್ತಿದ್ದರು. ಈಗ ಹಬ್ಬದ ಹಿಂದಿನ ದಿನಗಳಲ್ಲಿ ಪೇಟೆಯಲ್ಲಿ ಜೋಡಿಯ ಲೆಕ್ಕದಲ್ಲಿ ಮಾರಾಟ ನಡೆಯುತ್ತದೆ.

ಹೋಳಿಗೆ, ಕಡಬಿನ ನೈವೇದ್ಯ ಮುಗಿದ ಮರುದಿನ ಮಕ್ಕಳು ಕಾಲು ಮುರಿದ ಕುಂಟೆತ್ತನ್ನು ಹಿಡಿದು, ಹಾಡು ಹೇಳುತ್ತ ಮನೆಮನೆಗೆ ತೆರಳಿ ಜೋಳ ಬೇಡುವುದು ಈ ಹಬ್ಬದ ವಿಶೇಷ. ಕೊನೆಗೆ ಎತ್ತುಗಳನ್ನು ಬಾವಿ, ಹಳ್ಳಗಳಿಗೆ ಬಿಡಲಾಗುತ್ತದೆ. ಕೆಲವೆಡೆ ಮಾಳಿಗೆಯ ಮೇಲಿಟ್ಟು ಮಳೆಗೆ ಕರಗಲು ಬಿಡುವುದೂ ಉಂಟು.

ಪ್ರಾಚೀನ ನೆಂಟಸ್ತಿಕೆ

ಮಣ್ಣಿನ ಎತ್ತು ಬಹು ಪುರಾತನವಾದ ಆಟಿಕೆ. ಸಿಂಧೂ ನಾಗರಿಕತೆಯ ನೆಲೆಗಳಲ್ಲಿ ಸುಟ್ಟ ಮಣ್ಣಿನ ಎತ್ತುಗಳು, ಆಟಿಕೆ ಬಂಡಿಗಳು ಹಾಗೂ ತಲೆ ಆಡಿಸುವ ಗೂಳಿ ದೊರೆತಿವೆ. ಕೃಷ್ಣೆಯ ಆಚೆ, ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ನವಶಿಲಾಯುಗದ ನೆಲೆಯಲ್ಲಿಯೂ ಇಣಿಯುಳ್ಳ ದನಗಳ ಮಣ್ಣಿನ ಪ್ರತಿಮೆಗಳು ಸಿಕ್ಕಿವೆ. ಸುಟ್ಟಿದ್ದರಿಂದಲೇ ಅವು ಉಳಿದವು. ಹಸಿಮಣ್ಣಿನವು ಎಷ್ಟಿದ್ದವೋ ಹೇಳುವ ಸಾಧನವಿಲ್ಲ.

ತಗಡಿನ ಆಟಿಕೆಗೆ ಇರುವ ಹೆಸರು

ಸಂಗ್ರಾಹಕರು ಹೆಚ್ಚಾಗಿ ಅರಸುವ ಹಳೆಯ ತಗಡಿನ ಆಟಿಕೆಗಳೊಡನೆ ಹೋಲಿಸಿದರೆ ಮಣ್ಣೆತ್ತಿನ ಸ್ಥಿತಿ ಸ್ಪಷ್ಟವಾಗುತ್ತದೆ. ಜರ್ಮನಿಯಲ್ಲಿ 1859ರಲ್ಲಿ ಆರಂಭವಾದ ಮಾರ್ಕ್ಲಿನ್, 1881ರಲ್ಲಿ ಆರಂಭವಾದ ಲೇಮನ್, ನ್ಯೂರೆಂಬರ್ಗ್‌ನ ಬಿಂಗ್ ಮುಂತಾದ ಸಂಸ್ಥೆಗಳು ತಮ್ಮ ಆಟಿಕೆಗಳ ಮೇಲೆ ಮುದ್ರೆ ಒತ್ತುತ್ತಿದ್ದವು. ಎರಡನೇ ಮಹಾಯುದ್ಧದ ನಂತರ, 1947ರಿಂದ 1952ರವರೆಗೆ ಜಪಾನಿನಿಂದ ರಫ್ತಾದ ವಸ್ತುಗಳ ಮೇಲೆ ‘ಆಕ್ರಮಿತ ಜಪಾನ್’ ಎಂಬ ಗುರುತು ಕಾಣುತ್ತದೆ. ಇಂತಹ ಮುದ್ರೆಗಳಿಂದಲೇ ಆಟಿಕೆಯ ಊರು, ಕಾಲ, ತಯಾರಕ ಯಾರೆಂಬುದು ಗೊತ್ತಾಗುತ್ತದೆ. ಬೆಲೆಯೂ ಅದರಿಂದಲೇ ನಿರ್ಧಾರವಾಗುತ್ತದೆ.

ಮಣ್ಣೆತ್ತಿನ ಮೇಲೆ ಯಾವ ಮುದ್ರೆಯೂ ಇಲ್ಲ. ಚನ್ನಪಟ್ಟಣ ಮತ್ತು ಕಿನ್ನಾಳದ ಆಟಿಕೆಗಳು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದು ಊರಿನ ಹೆಸರಿನಿಂದಲೇ ಮಾರಾಟವಾಗುತ್ತಿವೆ. ಹರಿಹರನ ರಗಳೆಯಿಂದಾಗಿ ಕುಂಬಾರ ಗುಂಡಯ್ಯನ ಹೆಸರು ಕನ್ನಡ ಸಾಹಿತ್ಯದಲ್ಲಿ ಉಳಿಯಿತು. ಆದರೆ ವರ್ಷವರ್ಷವೂ ಎತ್ತು ತಿದ್ದಿಕೊಟ್ಟ ಸಾವಿರಾರು ಕೈಗಳ ಹೆಸರು ಅವರವರ ಊರಿನ ನೆನಪಿನಾಚೆ ದಾಟಲಿಲ್ಲ.

ಇಂದಿನ ಸ್ಥಿತಿ

ಮಾದರಿಯೇ ಮರೆಯಾಗುತ್ತಿರುವುದು ಇಂದಿನ ದೊಡ್ಡ ಆತಂಕ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಗಂಡು ದನಗಳ ಸಂಖ್ಯೆ 2012ಕ್ಕೆ ಹೋಲಿಸಿದರೆ ಶೇ. 30ರಷ್ಟು ಇಳಿದು ಸುಮಾರು 4.74 ಕೋಟಿಗೆ ಬಂದಿತ್ತು. ಟ್ರ್ಯಾಕ್ಟರ್ ಬಂದ ಮನೆಯ ಕೊಟ್ಟಿಗೆಯಲ್ಲಿ ಎತ್ತು ಇರಲೇಬೇಕೆಂದಿಲ್ಲ. ಕೊಟ್ಟಿಗೆಯ ಎತ್ತನ್ನು ದಿನವೂ ಕಂಡ ಕೈ ತಿದ್ದುವ ಕೋಡಿಗೂ, ಅಚ್ಚಿನಿಂದ ಬಂದ ಕೋಡಿಗೂ ವ್ಯತ್ಯಾಸವಿದೆ.

ಸಂಗ್ರಹಿಸಬಯಸುವವರು

ಹಸಿಮಣ್ಣಿನ ಎತ್ತನ್ನು ಉಳಿಸಿಕೊಳ್ಳುವುದು ಕಠಿಣವಲ್ಲ. ನೆರಳಿನಲ್ಲಿ ಪೂರ್ಣವಾಗಿ ಒಣಗಿಸಿ, ತೇವ ತಾಗದಂತೆ ಇಟ್ಟರೆ ಹಲವು ವರ್ಷ ಬಾಳುತ್ತದೆ. ನೀರಿನಿಂದ ಒರೆಸಬಾರದು, ಧೂಳನ್ನು ಮೆದುವಾದ ಕುಂಚದಿಂದ ತೆಗೆಯಬೇಕು. ಗಟ್ಟಿ ಮುದ್ದೆಯ ಒಳಗೆ ತೇವ ಉಳಿದಿದ್ದಾಗ ಸುಟ್ಟರೆ ಸೀಳುತ್ತದೆ. ಪೂಜೆಗೊಂಡ ಜೋಡಿಯನ್ನು ಪದ್ಧತಿಯಂತೆ ನೀರಿಗೆ ಬಿಟ್ಟು, ಸಂಗ್ರಹಕ್ಕಾಗಿ ಬೇರೆಯೇ ಜೋಡಿಯನ್ನು ಮಾಡಿಸಿಕೊಳ್ಳುವುದು ಉಚಿತ.

ಎಲ್ಲಕ್ಕಿಂತ ಮುಖ್ಯವಾದುದು ಬರವಣಿಗೆ. ಊರು, ವರ್ಷ, ಮಣ್ಣು ತಂದ ಜಾಗ ಮತ್ತು ಕುಂಬಾರರು ಒಪ್ಪಿದಲ್ಲಿ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ತಗಡಿನ ಆಟಿಕೆಗೆ ಕಾರ್ಖಾನೆಯ ಮುದ್ರೆ ಮಾಡಿದ ಕೆಲಸವನ್ನು ಮಣ್ಣೆತ್ತಿಗೆ ಆ ಚೀಟಿ ಮಾಡಬಲ್ಲದು. ಮುಂದಿನ ಜ್ಯೇಷ್ಠದ ಅಮಾವಾಸ್ಯೆಗೆ ಎತ್ತು ಕೊಳ್ಳುವವರು ಮಾಡಿದವರ ಹೆಸರನ್ನು ಕೇಳಿ ಬರೆದಿಟ್ಟುಕೊಂಡರೂ ಈ ಕಸುಬಿನ ಚರಿತ್ರೆಗೆ ಮೊದಲ ಪುಟ ದೊರೆತಂತಾಗುತ್ತದೆ.