ಠರಾವಿನಿಂದ ಕಾಯಿದೆಯವರೆಗೆ: ದೂಧಗಂಗೆಯ ಎರಡು ದಡ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ದತ್ತವಾಡಕ್ಕೂ ಬೆಳಗಾವಿ ಜಿಲ್ಲೆಯ ಮಲಿಕವಾಡಕ್ಕೂ ನಡುವೆ ದೂಧಗಂಗಾ ನದಿ ಹರಿಯುತ್ತದೆ. ಮಳೆ ಜೋರಾದ ವರ್ಷಗಳಲ್ಲಿ ಮುಳುಗಡೆಯಾದ ಸೇತುವೆಗಳ ಪಟ್ಟಿಯನ್ನು ಪತ್ರಿಕೆಗಳು ಪ್ರಕಟಿಸುವಾಗ ಮಲಿಕವಾಡ–ದತ್ತವಾಡ ಸೇತುವೆಯ ಹೆಸರು ಅದರಲ್ಲಿ ಕಾಣಿಸಿಕೊಳ್ಳುತ್ತದೆ. ನೀರು ಇಳಿದ ಮೇಲೆ ಜನ ಮತ್ತೆ ದಾಟುತ್ತಾರೆ. ಸಂತೆ, ಬೀಗತನ, ಕಬ್ಬು, ಎರಡೂ ಭಾಷೆಗಳು ದಾಟುತ್ತವೆ. ದಾಟದೆ ಉಳಿಯುವುದು ಕಾಯಿದೆ. ಈ ದಡದ ಪಂಚಾಯತಿಯು ಮುಂಬೈಯಲ್ಲಿ ರೂಪುಗೊಂಡ 1958ರ ಗ್ರಾಮಪಂಚಾಯತಿ ಕಾಯಿದೆಗೆ ಒಳಪಟ್ಟಿದೆ, ಆ ದಡದ್ದು ಬೆಂಗಳೂರಿನಲ್ಲಿ ರೂಪುಗೊಂಡ 1993ರ ಪಂಚಾಯತ್ ರಾಜ್ ಕಾಯಿದೆಗೆ. ಗಡಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಆಯೋಗಗಳ, ನಕಾಶೆಗಳ, ಚಳವಳಿಗಳ ಕಡೆಗೆ ನೋಡಿದ್ದಾರೆ. ಗಡಿಯ ಊರೊಂದರ ಪಂಚಾಯತಿಗೆ ತನ್ನನ್ನು ಆಳುವ ಕಾಯಿದೆಯ ಸುದ್ದಿ ಹೇಗೆ ಮುಟ್ಟುತ್ತದೆ, ತನ್ನ ಮಾತನ್ನು ಅದು ಶಾಸನಸಭೆಗೆ ಯಾವ ದಾರಿಯಿಂದ ಮುಟ್ಟಿಸಬಲ್ಲದು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಸಾಂಸ್ಥಿಕ ಉತ್ತರವೊಂದು ಬಹಳ ಹಿಂದೆಯೇ ಸಿದ್ಧವಾಯಿತು. ಅಲ್ಲಿನ ಕೌಂಟಿಗಳು ರಾಜ್ಯ ಶಾಸನದ ಸೃಷ್ಟಿಗಳು. ರಾಜ್ಯ ಕೊಟ್ಟದ್ದನ್ನು ಬಿಟ್ಟರೆ ಅವಕ್ಕೆ ಸ್ವಂತ ಅಧಿಕಾರ ಕಡಿಮೆ. ಆದ್ದರಿಂದಲೇ ಅವು ಒಟ್ಟಾಗಿ ಸಂಘ ಕಟ್ಟಿಕೊಂಡವು. ಕ್ಯಾಲಿಫೋರ್ನಿಯಾದ ಕೌಂಟಿಗಳ ಸಂಘ 1895ರದ್ದು. ರಾಜಧಾನಿಯಲ್ಲಿ ಸಿಬ್ಬಂದಿಯನ್ನಿಟ್ಟು, ಮಂಡನೆಯಾದ ಪ್ರತಿ ಮಸೂದೆಯನ್ನು ಓದಿ, ಅದರಿಂದ ಕೌಂಟಿಯ ಬೊಕ್ಕಸಕ್ಕೆ ಬೀಳುವ ಹೊರೆಯನ್ನು ಲೆಕ್ಕಹಾಕಿ, ಸಮಿತಿಗಳ ಮುಂದೆ ಸಾಕ್ಷ್ಯ ಹೇಳುವುದು ಇಂಥ ಸಂಘಗಳ ನಿತ್ಯದ ಕೆಲಸ. ಭಾರತದ ಸ್ಥಳೀಯ ಸಂಸ್ಥೆಗಳೂ ರಾಜ್ಯ ಶಾಸನದ ಸೃಷ್ಟಿಗಳೇ. ಸಂವಿಧಾನದ ಏಳನೆಯ ಅನುಸೂಚಿ ಅವನ್ನು ರಾಜ್ಯ ಪಟ್ಟಿಯ 5ನೆಯ ನಮೂದಿನಲ್ಲಿ ಇಟ್ಟಿದೆ. ಆದರೆ ಇಲ್ಲಿ ಬೇರೊಂದು ದಾರಿ ಬೆಳೆಯಿತು, ಅದು ವಸಾಹತುಕಾಲದ ಉಪಾಯ. ಮುಂಬೈ ಪ್ರಾಂತದಲ್ಲಿ 1884ರ ಕಾಯಿದೆಯಿಂದ ಜಿಲ್ಲಾ ಮತ್ತು ತಾಲೂಕು ಲೋಕಲ್ ಬೋರ್ಡುಗಳು ನೆಲೆಗೊಂಡವು. 1892ರ ಇಂಡಿಯನ್ ಕೌನ್ಸಿಲ್ಸ್ ಕಾಯಿದೆ ಬಂದ ಮೇಲೆ ಈ ಬೋರ್ಡುಗಳಿಗೆ ಪ್ರಾಂತದ ಶಾಸನ ಪರಿಷತ್ತಿಗೆ ಸದಸ್ಯರ ಹೆಸರು ಸೂಚಿಸುವ ಹಕ್ಕು ದೊರೆಯಿತು. ಬಾಲಗಂಗಾಧರ ತಿಲಕರು 1895ರಲ್ಲಿ ಮುಂಬೈ ಪರಿಷತ್ತನ್ನು ಪ್ರವೇಶಿಸಿದ್ದು ಇಂಥ ಸ್ಥಳೀಯ ಬೋರ್ಡುಗಳ ಮತದಿಂದ. ರಸ್ತೆ, ಶಾಲೆ, ಲಸಿಕೆಗಳನ್ನು ನೋಡಿಕೊಳ್ಳಲು ಹುಟ್ಟಿದ ಸಂಸ್ಥೆ ಹೀಗೆ ಶಾಸನಸಭೆಯ ಮತದಾರನೂ ಆಯಿತು.

ಈ ಹಕ್ಕು ದೂಧಗಂಗೆಯ ಎರಡೂ ದಡಗಳಿಗೆ ಸಮವಾಗಿ ಸಿಗಲಿಲ್ಲ. ಚಿಕ್ಕೋಡಿ ತಾಲೂಕು ಬ್ರಿಟಿಷರ ಬೆಳಗಾವಿ ಜಿಲ್ಲೆಯದು. ಶಿರೋಳ ಸೀಮೆ ಮುಖ್ಯವಾಗಿ ಕೊಲ್ಹಾಪುರ ಸಂಸ್ಥಾನದ್ದು. ಸಂಸ್ಥಾನದಲ್ಲಿ ಕಾಯಿದೆ ಎಂದರೆ ಹುಜೂರ ಅಪ್ಪಣೆ. 1894ರಿಂದ 1922ರವರೆಗೆ ಆಳಿದ ಶಾಹೂ ಛತ್ರಪತಿಗಳ ಕಾಲದಲ್ಲಿ ಆ ಅಪ್ಪಣೆಗಳು ಬ್ರಿಟಿಷ್ ಪ್ರಾಂತದ ಶಾಸನಗಳಿಗಿಂತ ಮುಂದಿದ್ದವು. 1902ರ ಜುಲೈ 26ರಂದು ಹಿಂದುಳಿದವರಿಗೆ ಸರಕಾರಿ ನೌಕರಿಗಳಲ್ಲಿ ಶೇಕಡಾ 50ರಷ್ಟು ಸ್ಥಾನ ಕಾಯ್ದಿರಿಸಿದ್ದು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದ್ದು ಇದಕ್ಕೆ ಸಾಕ್ಷಿ. ಆದರೆ ಊರು ಅಲ್ಲಿ ಕೇಳುಗನ ಸ್ಥಾನದಲ್ಲಿತ್ತು. ಡಂಗುರ ಸಾರಿದಾಗ ಗೊತ್ತಾಗುವುದೇ ಶಾಸನ. ನದಿಯ ದಕ್ಷಿಣಕ್ಕೆ ಹಿಂದುಳಿದ ಶಾಸನ, ಆದರೆ ಬೋರ್ಡಿಗೆ ಒಂದಿಷ್ಟು ದನಿ. ಉತ್ತರಕ್ಕೆ ಮುಂದುವರಿದ ಶಾಸನ, ದನಿ ಇಲ್ಲ. ಈ ವೈಪರೀತ್ಯವನ್ನು ಗಮನಿಸದೆ ಇಲ್ಲಿನ ರಾಜಕೀಯ ಸ್ಮೃತಿ ಅರ್ಥವಾಗುವುದು ಕಷ್ಟ.

ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬೈ ರಾಜ್ಯದಲ್ಲಿ ವಿಲೀನವಾಯಿತು. ಅಂದಿನಿಂದ 1956ರ ಅಕ್ಟೋಬರ್ ಕೊನೆಯವರೆಗೆ, ಏಳು ವರ್ಷ ಎಂಟು ತಿಂಗಳ ಅವಧಿಯಲ್ಲಿ ಮಾತ್ರ, ನದಿಯ ಎರಡೂ ದಡಗಳು ಒಂದೇ ಶಾಸನಸಭೆಯ ಕಡೆಗೆ ಮುಖ ಮಾಡಿದ್ದವು. ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ಕೊಲ್ಹಾಪುರಕ್ಕೆ ಬಂತು. ಆ ಬಳಿಕ ಎರಡು ರಾಜ್ಯಗಳು ತಮ್ಮ ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ದನಿ ಕೊಡಬೇಕೆಂಬುದನ್ನು ಬೇರೆ ಬೇರೆಯಾಗಿ ತೀರ್ಮಾನಿಸಿದವು.

ಮಹಾರಾಷ್ಟ್ರದ ತೀರ್ಮಾನಕ್ಕೆ ತಳಹದಿ ವಸಂತರಾವ್ ನಾಯಿಕ ಸಮಿತಿಯ 1961ರ ವರದಿ. ಅದೇ ವರ್ಷ ಅಂಗೀಕೃತವಾಗಿ 1962ರ ಮೇ 1ರಂದು ಜಾರಿಗೆ ಬಂದ ಕಾಯಿದೆಯು ಜಿಲ್ಲಾ ಪರಿಷತ್ತನ್ನು ಬಲವಾದ ಸಂಸ್ಥೆಯಾಗಿ ಕಟ್ಟಿತು. ಅದರ ಸ್ವಾಯತ್ತತೆಗೆ ಧಕ್ಕೆಯಾಗಬಾರದೆಂದು ಶಾಸಕರನ್ನೂ ಸಂಸದರನ್ನೂ ಅದರ ಸದಸ್ಯತ್ವದಿಂದ ಹೊರಗಿಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಶಾಸಕ ಜಿಲ್ಲಾ ಪರಿಷತ್ತಿನ ಸಭೆಯಲ್ಲಿ ಕೂರದಿದ್ದರೆ, ಮುಂದಿನ ಅಧಿವೇಶನಕ್ಕೆ ಬರಲಿರುವ ಮಸೂದೆಯ ಬಗ್ಗೆ ಆ ಸಭೆ ಅವನನ್ನು ಎದುರಿಗೇ ಕೇಳುವ ಸಂದರ್ಭವೂ ಇಲ್ಲವಾಗುತ್ತದೆ. ಕರ್ನಾಟಕದಲ್ಲಿ 1983ರ ಕಾಯಿದೆಯ ಪ್ರಯೋಗದ ನಂತರ ಬಂದ 1993ರ ಕಾಯಿದೆ ಶಾಸಕರನ್ನೂ ಸಂಸದರನ್ನೂ ಜಿಲ್ಲಾ ಪಂಚಾಯತಿಯ ಸದಸ್ಯರನ್ನಾಗಿಸಿದೆ. ಇದರಿಂದ ಪಂಚಾಯತಿಗಳು ಶಾಸಕರ ನೆರಳಿನಲ್ಲಿ ಬೆಳೆಯಲಾಗದೆ ಹೋದವು ಎಂಬ ಟೀಕೆಯಲ್ಲಿ ಹುರುಳಿದೆ. ಒಂದು ಕಡೆ ಸೇತುವೆಯೇ ಇಲ್ಲ, ಇನ್ನೊಂದು ಕಡೆ ಸೇತುವೆಯ ಮೇಲೆ ಶಾಸಕನೊಬ್ಬನೇ ನಡೆಯುತ್ತಾನೆ.

ಇನ್ನೂ ಸೂಕ್ಷ್ಮವಾದ ವ್ಯತ್ಯಾಸ ವಿಧಾನ ಪರಿಷತ್ತಿನದು. 1892ರ ಉಪಾಯ ಸಂವಿಧಾನದ 171ನೆಯ ಅನುಚ್ಛೇದದಲ್ಲಿ ಉಳಿದುಕೊಂಡಿದೆ: ಮೇಲ್ಮನೆಯ ಸುಮಾರು ಮೂರನೆಯ ಒಂದು ಭಾಗವನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಮಹಾರಾಷ್ಟ್ರದ 78 ಸ್ಥಾನಗಳಲ್ಲಿ 22, ಕರ್ನಾಟಕದ 75ರಲ್ಲಿ 25 ಇಂಥವು. ಆದರೆ ಯಾವ ಸಂಸ್ಥೆ ಮತದಾರ ಎಂಬುದನ್ನು ಸಂಸತ್ತಿನ 1950ರ ಪ್ರಜಾಪ್ರತಿನಿಧಿ ಕಾಯಿದೆಯ ನಾಲ್ಕನೆಯ ಅನುಸೂಚಿ ರಾಜ್ಯವಾರು ಹೇಳುತ್ತದೆ. ಕರ್ನಾಟಕದ ಪಟ್ಟಿಯಲ್ಲಿ ಗ್ರಾಮ ಪಂಚಾಯತಿ ಇದೆ, ಮಹಾರಾಷ್ಟ್ರದ ಪಟ್ಟಿಯಲ್ಲಿ ಇಲ್ಲ. ಪರಿಣಾಮವಾಗಿ ಇಬ್ಬರು ಸದಸ್ಯರನ್ನು ಆರಿಸುವ ಬೆಳಗಾವಿ ಕ್ಷೇತ್ರದ ಮತದಾರರು ಸಾವಿರಾರು, ಕೊಲ್ಹಾಪುರ ಕ್ಷೇತ್ರದವರು ಕೆಲವೇ ನೂರು. ನದಿಯಾಚೆಯ ಗ್ರಾಮ ಪಂಚಾಯತಿ ಸದಸ್ಯೆಯ ಮನೆಗೆ ಆರು ವರ್ಷಕ್ಕೊಮ್ಮೆಯಾದರೂ ಮೇಲ್ಮನೆಯ ಅಭ್ಯರ್ಥಿ ಬರುತ್ತಾನೆ. ದತ್ತವಾಡದ ಸದಸ್ಯೆಯನ್ನು ಯಾರೂ ಕೇಳುವ ಅಗತ್ಯವಿಲ್ಲ. ಆ ಭೇಟಿಯಲ್ಲಿ ಮಸೂದೆಗಳ ಚರ್ಚೆ ನಡೆಯುತ್ತದೆಂದು ಭಾವಿಸುವಷ್ಟು ಮುಗ್ಧತೆ ಬೇಡ. ಹಾಗಿದ್ದರೂ ಹಕ್ಕು ಹಕ್ಕೇ. ಮಹಾರಾಷ್ಟ್ರದಲ್ಲಿ ಈ ಕಿರಿದಾದ ದಾರಿಯೂ ಇತ್ತೀಚೆಗೆ ಮುಚ್ಚಿತ್ತು. ಸೊಲ್ಲಾಪುರದ ಸ್ಥಾನ 2022ರ ಆರಂಭದಲ್ಲಿ ತೆರವಾದಾಗ ಅದನ್ನು ತುಂಬಲು ಬೇಕಾದ ಚುನಾಯಿತ ಮತದಾರರೇ ಇರಲಿಲ್ಲ. ಕೊಲ್ಹಾಪುರ ಜಿಲ್ಲಾ ಪರಿಷತ್ತು ಕೂಡ 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು.

ಹೀಗಿರುವಾಗ ಗ್ರಾಮ ಪಂಚಾಯತಿಯ ಕೈಯಲ್ಲಿ ಉಳಿಯುವ ಉಪಕರಣ ಒಂದೇ, ಠರಾವು. ಅದಕ್ಕೆ ಶಾಸನಸಭೆಯನ್ನು ಕಟ್ಟಿಹಾಕುವ ಶಕ್ತಿಯಿಲ್ಲ. ಬಹುಪಾಲು ಠರಾವುಗಳು ತಾಲೂಕಿನ ಕಡತದಲ್ಲಿಯೇ ಕೊನೆಯುಸಿರೆಳೆಯುತ್ತವೆ. ಆದರೆ ದತ್ತವಾಡದ ನೆರೆಯ ಹೇರವಾಡದ ಒಂದು ಠರಾವಿನ ಕಥೆ ಬೇರೆ. 2022ರ ಮೇ 4ರಂದು, ಶಾಹೂ ಛತ್ರಪತಿಗಳ ಸ್ಮೃತಿ ಶತಾಬ್ದಿಯ ಹೊತ್ತಿನಲ್ಲಿ, ಹೇರವಾಡ ಗ್ರಾಮ ಪಂಚಾಯತಿ ತನ್ನ ವ್ಯಾಪ್ತಿಯಲ್ಲಿ ವಿಧವಾ ಪದ್ಧತಿಗಳನ್ನು ನಿಷೇಧಿಸುವ ನಿರ್ಣಯ ಕೈಗೊಂಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ಮತ್ತು ಕಾಲುಂಗುರ ತೆಗೆಯುವುದು, ಶುಭಕಾರ್ಯಗಳಿಂದ ದೂರ ಇಡುವುದು ಇವೆಲ್ಲ ಅದರಲ್ಲಿ ಸೇರಿದ್ದವು. ಈ ವಿಚಾರವನ್ನು ಪಂಚಾಯತಿಗಳ ಮುಂದೆ ಇಟ್ಟವರು ಸೊಲ್ಲಾಪುರ ಜಿಲ್ಲೆಯ ಕರಮಾಳೆಯ ಕಾರ್ಯಕರ್ತ ಪ್ರಮೋದ ಝಿಂಜಾಡೆ. ಅದನ್ನು ನಿರ್ಣಯವಾಗಿಸಿದ ಪಂಚಾಯತಿಯ ಸರಪಂಚರು ಸುರಗೊಂಡ ಪಾಟೀಲ. ಈ ಹೆಸರಿನ ಬಳಿ ಒಂದು ಕ್ಷಣ ನಿಲ್ಲಬಹುದು. ಕನ್ನಡ ಶಾಸನಗಳ ಗಾವುಂಡ, ಊರಿನ ಮುಖ್ಯಸ್ಥ, ಈ ಸೀಮೆಯ ಮರಾಠಿ ಕಡತಗಳಲ್ಲಿ ಗೊಂಡ ಎಂದು ಉಳಿದಿದ್ದಾನೆ. ಪಾಟೀಲ ಎಂಬುದೂ ಅದೇ ಹುದ್ದೆಯ ಇನ್ನೊಂದು ಹೆಸರು.

ಹದಿಮೂರೇ ದಿನಗಳಲ್ಲಿ, ಮೇ 17ರಂದು, ಮಹಾರಾಷ್ಟ್ರದ ಗ್ರಾಮಾಭಿವೃದ್ಧಿ ಇಲಾಖೆ ಹೇರವಾಡದ ಮಾದರಿಯನ್ನು ಇತರ ಗ್ರಾಮ ಪಂಚಾಯತಿಗಳೂ ಅನುಸರಿಸಬೇಕೆಂದು ಸುತ್ತೋಲೆ ಹೊರಡಿಸಿತು. ಅಂದಿನ ಇಲಾಖಾ ಮಂತ್ರಿ ಹಸನ್ ಮುಶ್ರಿಫ್ ಇದೇ ಜಿಲ್ಲೆಯ ಕಾಗಲದವರು. ಠರಾವು ಇಷ್ಟು ಬೇಗ ಮುಂಬೈ ಮುಟ್ಟಿದ್ದರಲ್ಲಿ ಈ ಸಾಮೀಪ್ಯದ ಪಾಲು ಸಣ್ಣದಿರಲಾರದು. ಹತ್ತಿರದ ಮಾಣಗಾಂವ ಸೇರಿ ಹಲವು ಪಂಚಾಯತಿಗಳು ಅದೇ ಹಾದಿ ಹಿಡಿದವು. ಆದರೆ ಸುತ್ತೋಲೆ ಸುತ್ತೋಲೆಯೇ. ಅದನ್ನು ಮೀರಿದವರಿಗೆ ಶಿಕ್ಷೆಯಿಲ್ಲ, ನೊಂದ ಹೆಂಗಸು ಅದನ್ನು ಹಿಡಿದು ಪೊಲೀಸ್ ಠಾಣೆಗೆ ಹೋಗುವಂತಿಲ್ಲ. ಆದ್ದರಿಂದ ಕಾಯಿದೆಯೇ ಬೇಕೆಂಬ ಬೇಡಿಕೆ ಠರಾವಿನ ಬೆನ್ನಿಗೇ ಹುಟ್ಟಿತು. ಊರು ಆಡಿದ ಮಾತನ್ನು ಸರಕಾರ ಮತ್ತೆ ಊರುಗಳಿಗೇ ಉಪದೇಶವಾಗಿ ಹಿಂದಿರುಗಿಸಿದ ರೀತಿ ಇದು: ಹೊಗಳಿಕೆ ಹೇರಳ, ಹೊಣೆ ಅಲ್ಪ.

ಗಡಿಯ ಪಂಚಾಯತಿಗಳಿಗೆ ಒಳನಾಡಿನವಕ್ಕಿಲ್ಲದ ಇನ್ನೊಂದು ಅಸ್ತ್ರವುಂಟು, ಹೊರಟುಹೋಗುತ್ತೇವೆಂಬ ಮಾತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಊರುಗಳು 2012ರಲ್ಲಿ ನೀರಿನ ಬರದಿಂದ ಬೇಸತ್ತು ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿದ್ದವು. ಹತ್ತು ವರ್ಷ ಮಲಗಿದ್ದ ಆ ನಿರ್ಣಯವನ್ನು 2022ರ ನವೆಂಬರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಬ್ಬಿಸಿದರು. ಅದು ಹಳೆಯದು, ನೀರಿಗಾಗಿ ಆದದ್ದು ಎಂದು ದೇವೇಂದ್ರ ಫಡಣವೀಸರು ಉತ್ತರಿಸಿದರು. ಮ್ಹೈಸಾಳ ನೀರಾವರಿಯ ವಿಸ್ತರಣೆಗೆ ಚುರುಕು ಬಂದದ್ದು ಆ ಗದ್ದಲದ ನಡುವೆಯೇ. ಡಿಸೆಂಬರ್ 22ರಂದು ಕರ್ನಾಟಕದ, 27ರಂದು ಮಹಾರಾಷ್ಟ್ರದ ಶಾಸನಸಭೆಗಳು ಗಡಿಯ ಬಗ್ಗೆ ಪರಸ್ಪರ ವಿರುದ್ಧ ನಿರ್ಣಯಗಳನ್ನು ಸರ್ವಾನುಮತದಿಂದ ಅಂಗೀಕರಿಸಿದವು. ಸಂಬಂಧಪಟ್ಟ ಪಂಚಾಯತಿಗಳ ಅಭಿಪ್ರಾಯವನ್ನು ಯಾರೂ ವಿಧಿವತ್ತಾಗಿ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಸಂವಿಧಾನದ 3ನೆಯ ಅನುಚ್ಛೇದ ಗಡಿಬದಲಾವಣೆಯಲ್ಲಿ ಅಭಿಪ್ರಾಯ ಹೇಳುವ ಅವಕಾಶವನ್ನು ರಾಜ್ಯ ಶಾಸನಸಭೆಗೆ ಕೊಡುತ್ತದೆ, ಊರಿಗಲ್ಲ. ಈ ಅಸ್ತ್ರಕ್ಕೆ ಅಪಾಯವೂ ಇದೆ. ಮಹಾರಾಷ್ಟ್ರಕ್ಕೆ ಸೇರಬೇಕೆಂದು ಠರಾವು ಮಾಡಿದ ಬೆಳಗಾವಿ ಮಹಾನಗರಪಾಲಿಕೆಯನ್ನು ಕರ್ನಾಟಕ ಸರಕಾರ 2005ರಲ್ಲಿ ವಿಸರ್ಜಿಸಿತು. ಜತ್ತದ ಕನ್ನಡಿಗರ ಠರಾವನ್ನು ಪ್ರಜಾಭಿಪ್ರಾಯವೆಂದೂ ಬೆಳಗಾವಿಯ ಮರಾಠಿಗರ ಠರಾವನ್ನು ದ್ರೋಹವೆಂದೂ ಓದುವ ಅಭ್ಯಾಸ, ಅದರ ಕನ್ನಡಿ ಪ್ರತಿಬಿಂಬ ಮಹಾರಾಷ್ಟ್ರದಲ್ಲಿಯೂ ಇದೆ, ವಿದ್ವತ್ತಿಗೆ ಒಪ್ಪುವಂಥದ್ದಲ್ಲ.

ಇವೆಲ್ಲಕ್ಕೂ ಮೊದಲಿನ ಪ್ರಶ್ನೆ ಭಾಷೆಯದು. ಕಾಯಿದೆಯ ಮೇಲೆ ಪ್ರಭಾವ ಬೀರಲು ಅದನ್ನು ಮೊದಲು ಓದಬೇಕು. ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ಕ್ಕಿಂತ ಕಡಿಮೆಯಿಲ್ಲದ ಕಡೆ ಮುಖ್ಯ ಕಾಯಿದೆ, ನಿಯಮ, ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕೆಂಬುದು 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಗಟ್ಟಿಯಾದ ಒಪ್ಪಂದ. ಆದರೆ ಎಣಿಕೆಯ ಘಟಕ ಜಿಲ್ಲೆ, ಹೆಚ್ಚೆಂದರೆ ತಾಲೂಕು. ಗಡಿಯ ವಾದವನ್ನು ಕೇಂದ್ರದ ಮುಂದಿಟ್ಟ ಮುಂಬೈ ಸರಕಾರದ 1957ರ ಮನವಿಪತ್ರ ಮಾತ್ರ ಹಳ್ಳಿಯೇ ಘಟಕವಾಗಬೇಕೆಂದು ಪಟ್ಟುಹಿಡಿದಿತ್ತು. ನೆಲ ಕೇಳುವಾಗ ಹಳ್ಳಿ ಲೆಕ್ಕಕ್ಕೆ ಬರುತ್ತದೆ. ಅನುವಾದ ಕೊಡುವಾಗ ಅದೇ ಹಳ್ಳಿ ತಾಲೂಕಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ನದೀತೀರದ ಕನ್ನಡ ಮನೆಮಾತಿನ ಸದಸ್ಯರು ಕಾಯಿದೆಯನ್ನು ಮರಾಠಿಯಲ್ಲಿಯೇ ಓದುತ್ತಾರೆ, ಠರಾವನ್ನು ಮರಾಠಿಯಲ್ಲಿಯೇ ಬರೆಯುತ್ತಾರೆ. ಚರ್ಚೆ ಯಾವ ಭಾಷೆಯಲ್ಲಿ ನಡೆದರೂ ನಡಾವಳಿ ಪುಸ್ತಕದಲ್ಲಿ ಅದರ ಗುರುತು ಉಳಿಯುವುದಿಲ್ಲ.

ಹೇರವಾಡದ ನಿರ್ಣಯಕ್ಕೆ ಕೆಲವೇ ವಾರಗಳ ಮುಂಚೆ, 2022ರ ಮಾರ್ಚ್‌ನಲ್ಲಿ, ಸ್ಥಳೀಯ ಸಂಸ್ಥೆಗಳ ಎಲ್ಲ ವ್ಯವಹಾರಕ್ಕೆ ಮರಾಠಿಯನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನು ಮಹಾರಾಷ್ಟ್ರ ವಿಧಾನಮಂಡಲ ಅಂಗೀಕರಿಸಿತು. ಅದರ ಮಿತಿಯನ್ನು ಗುರುತಿಸಿದ್ದು ಅಕೋಲಾ ಜಿಲ್ಲೆಯ ಪಾತೂರು ಎಂಬ ಸಣ್ಣ ಪಟ್ಟಣದ ನಗರ ಪರಿಷತ್ತು. ತನ್ನ ಕಟ್ಟಡದ ನಾಮಫಲಕದಲ್ಲಿ ಮರಾಠಿಯ ಕೆಳಗೆ ಉರ್ದುವೂ ಇರಲೆಂದು ಆ ಪರಿಷತ್ತು 2020ರ ಫೆಬ್ರವರಿಯಲ್ಲಿ ಬಹುಮತದ ಠರಾವು ಮಾಡಿತ್ತು. ಅದರ ವಿರುದ್ಧದ ದಾವೆ ನಡೆಯುತ್ತಿರುವಾಗಲೇ ಹೊಸ ಕಾಯಿದೆ ಬಂತು. ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 15ರ ತೀರ್ಪಿನಲ್ಲಿ ಫಲಕವನ್ನು ಉಳಿಸಿತು: ಮರಾಠಿ ಕಡ್ಡಾಯ, ಆದರೆ ಅದರ ಜೊತೆಗೆ ಇನ್ನೊಂದು ಭಾಷೆಯನ್ನು ಬಳಸಲು 2022ರ ಕಾಯಿದೆಯಲ್ಲಿ ನಿಷೇಧವಿಲ್ಲ. ಶಾಸನಸಭೆಯಲ್ಲಿ ದನಿಯಿಲ್ಲದ ಸಂಸ್ಥೆಯೊಂದು, ಕಾಯಿದೆ ಆದ ಮೇಲೆ, ಅದರ ಅರ್ಥವನ್ನು ಹೀಗೆ ಹಿಗ್ಗಿಸಿತು. ತನ್ನ ನಾಮಫಲಕದಲ್ಲಿ ಎರಡನೆಯ ಸಾಲನ್ನು ಕನ್ನಡದಲ್ಲಿ ಬರೆಸಲು ಶಿರೋಳದ ಪಂಚಾಯತಿಯೊಂದಕ್ಕೆ ಈಗ ಬೇಕಾದುದು ತನ್ನದೇ ಸದಸ್ಯರ ಬಹುಮತದ ಒಂದು ಠರಾವು.