ಸಣ್ಣ ಉದ್ಯೋಗಕ್ಕೆ ಸಾಲ, ಸಬ್ಸಿಡಿ: ಯಾರನ್ನ ಕೇಳಬೇಕು? ಇಲ್ಲಿದೆ ಮಾಹಿತಿ

ರೊಟ್ಟಿ ಕೇಂದ್ರ, ಖಾರದ ಗಿರಣಿ, ಟೈಲರಿಂಗ್ ಘಟಕ ಹಾಕಬೇಕೆನ್ನುವ ದೇವದುರ್ಗ, ಮಾನ್ವಿಯವರು ಮೊದಲು ವಿಚಾರಿಸಬೇಕಾದ್ದು ರಾಯಚೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ (ಡಿಐಸಿ).

ಪಿಎಂಇಜಿಪಿ: ಹೊಸ ಘಟಕಕ್ಕೆ ಮಾತ್ರ. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರಿಗೆ ಹಳ್ಳಿಯಲ್ಲಿ ಶೇ 35, ಪಟ್ಟಣದಲ್ಲಿ ಶೇ 25 ಸಬ್ಸಿಡಿ. ಅಂದ್ರೆ ಮಹಿಳೆಯೊಬ್ಬರು 10 ಲಕ್ಷ ರೂ. ಘಟಕವನ್ನು ರಾಯಚೂರು ನಗರದ ಬದಲು ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಹಾಕಿದರೆ 1 ಲಕ್ಷ ರೂ. ಹೆಚ್ಚು ಸಿಗುತ್ತೆ. ಕೈಯಿಂದ 50 ಸಾವಿರ ಹಾಕಬೇಕು. ಸಬ್ಸಿಡಿ ದುಡ್ಡು ಕೈಗೆ ಬರಲ್ಲ. 3 ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೀತಿದ್ದರೆ ಸಾಲಕ್ಕೆ ಜಮಾ ಆಗುತ್ತೆ.

ಪಿಎಂಎಫ್‌ಎಂಇ: ರೊಟ್ಟಿ, ಹಪ್ಪಳ, ಖಾರದಪುಡಿಯಂಥ ಆಹಾರ ಘಟಕಗಳಿಗೆ. ಕೇಂದ್ರದ ಶೇ 35, ರಾಜ್ಯದ ಶೇ 15 ಸೇರಿ ಶೇ 50. ಗರಿಷ್ಠ 15 ಲಕ್ಷ ರೂ. ಕೃಷಿ ಇಲಾಖೆಯಲ್ಲಿ ಕೇಳಿ.

ಮುದ್ರಾ: ಬರೀ ಸಾಲ, ಸಬ್ಸಿಡಿ ಇಲ್ಲ. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ. ಬ್ಯಾಂಕಿಗೇ ಹೋಗಿ.

ಗಮನಿಸಿ: ಅರ್ಜಿಗೆ, ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ‘ಸಬ್ಸಿಡಿ ಮಾಡಿಸಿಕೊಡ್ತೀವಿ’ ಅಂತ ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ. ಸಾಲ ಮಂಜೂರಾಗುವ ಮುಂಚೆ ಯಂತ್ರವನ್ನೂ ಖರೀದಿಸಬೇಡಿ.